ಡಿ ಎಂದರೆ ಓಡು

ಗೋಣಿಕೊಪ್ಪದ ಸಂತೆಬೀದಿ, ಮೆಣಸಿನ ಮಂಡಿಯ ಮೇಲೆ ಮಾಳಿಗೆ.
ಚಪ್ಪಲಿ ಹೊರಗೆ. ಒಳಗೆ ಪರದೆ, ತಣ್ಣನೆ ಗಾಳಿ,
ಮೂರು ಕಂಪ್ಯೂಟರು, ಎರಡಕ್ಕೆ ಮಾತ್ರ ಉಸಿರು.
ಜೋಯಪ್ಪ ಸರ್ ಊಟಕ್ಕೆ ಇಳಿದರೆ
ಡ್ರಾಯರಿನಿಂದ ಹೊರಬರುತ್ತಿತ್ತು
ಹಸಿ ಹಪ್ಪಳದಂತೆ ಬಳುಕುವ ಕಪ್ಪು ಫ್ಲಾಪಿ.

ಚಿತ್ರವಿಲ್ಲದ ಆಟ. ಕತ್ತಲ ನೆಲಮಾಳಿಗೆ, ಹಸಿರು ಅಕ್ಷರ.
ಚುಕ್ಕಿ ಎಂದರೆ ನೆಲ.
ಲೆಕ್ಕದಲ್ಲಿ ಕೂಡು ಅನ್ನುವ ಗುರುತು ಇಲ್ಲಿ ಬಾಗಿಲು.
ನಾವು ಎಂದರೆ ಸುರುಳಿಯೊಳಗೆ ಕೂತ ಒಂದು ಪುಟ್ಟ ಎ.
ಅದಕ್ಕೆ ಏನನ್ನುತ್ತಾರೋ ಸರ್‌ಗೂ ಗೊತ್ತಿರಲಿಲ್ಲ.
ಬಸವನಹುಳು ಅಂದದ್ದು ಬೀರಾನ್,
ಕೆಳಗಿನ ಹೋಟೆಲಿನಿಂದ ಚಹಾ ತರುವ ಹುಡುಗ.

ಗ್ಲಾಸುಗಳ ತಂತಿಬುಟ್ಟಿ ಹಿಡಿದು ನನ್ನ ಕುರ್ಚಿಯ ಹಿಂದೆ ನಿಂತ,
ಮೊದಲ ದಿನ ಒಂದು ನಿಮಿಷ, ಆಮೇಲಾಮೇಲೆ ಚಹಾ ಆರುವವರೆಗೆ.
ಶಾಲೆ ಬಿಟ್ಟದ್ದು ಮೂರನೇ ಕ್ಲಾಸಿಗೆ, ಇಂಗ್ಲಿಷ್ ಶುರುವಾಗುವ ಮೊದಲೇ;
ಸೇಬುಹಣ್ಣು ಹಿಡಿದುಕೊಂಡು ಯಾವ ಅಕ್ಷರವೂ ಅವನ ಬಳಿ ಬಂದಿರಲಿಲ್ಲ.
ಅವನವು ಕತ್ತಲಿಂದ ನೇರ ಮೈಮೇಲೆ ಬಂದವು:
ಬಿ ಬಾವಲಿ, ಅಡ್ಡಾದಿಡ್ಡಿ ಹಾರುತ್ತೆ, ಕಾಯಬೇಕು.
ಇ ತೇಲುವ ಕಣ್ಣು, ಮುಟ್ಟಿದರೆ ನಿಂತಲ್ಲೇ ಕಲ್ಲು.
ಆರ್ ಹಾವು.
ಎ ಬಂದರೆ ಕವಚಕ್ಕೆ ತುಕ್ಕು.
ಎನ್ ಚಂದದ ಹೆಣ್ಣು, ನಗುತ್ತ ಒಂದು ಸಾಮಾನು ಎತ್ತಿಕೊಂಡು ಮಾಯ.
ಡಿ?
ಡಿ ಎಂದರೆ ಓಡು.

ವಾರದೊಳಗೆ ಪೇಟೆಯ ಬೋರ್ಡುಗಳೆಲ್ಲ ಜೀವ ತುಂಬಿಕೊಂಡವು.
ಹಲ್ಲಿನ ಡಾಕ್ಟರ ಫಲಕ ಕಂಡರೆ
ರಸ್ತೆಯ ಆಚೆ ಬದಿ ಹಿಡಿದು ನಡೆಯುತ್ತಿದ್ದ,
ತಮಾಷೆಗೋ, ನಿಜಕ್ಕೋ.

ಆ ಆಟದಲ್ಲಿ ಸತ್ತರೆ ಸತ್ತಂತೆ.
ಮತ್ತೆ ಶುರುಮಾಡಿದರೆ ಬೇರೆ ಗೋಡೆ, ಬೇರೆ ದಾರಿ;
ನೋಟ್‌ಬುಕ್ಕಿನಲ್ಲಿ ನಾನು ಬರೆದ ನಕ್ಷೆ ಕೆಲಸಕ್ಕೆ ಬಾರದು.
ಸತ್ತವರಿಗೆ ಪರದೆಯ ಮೇಲೊಂದು ಗೋರಿಕಲ್ಲು,
ಹೆಸರು, ಗಳಿಸಿದ ಚಿನ್ನ, ಕೊಂದವರು ಯಾರು,
ಬುಡದಲ್ಲಿ ಹುಲ್ಲಿನ ಏಳು ಗರಿ.
ಯಂತ್ರಕ್ಕೆ ಗೊತ್ತಿದ್ದದ್ದು ಒಂದೇ ಹೆಸರು. ಹಾಗಾಗಿ
ಆ ಬೇಸಿಗೆಯಲ್ಲಿ ಜೋಯಪ್ಪ ಸರ್ ನಲವತ್ತು ಸಲ ಸತ್ತರು,
ನಲವತ್ತು ಸಲವೂ ಬಾಯಿ ಒರೆಸುತ್ತ ಮೆಟ್ಟಿಲು ಹತ್ತಿ ಬಂದರು.

"ನನ್ನ ಹೆಸರು ಹಾಕು, ದೇಚಕ್ಕ."
ಹಾಕಿದೆ. ಕೀಲಿ ಅವನೇ ಒತ್ತಿದ.
ಐದನೇ ಅಂತಸ್ತು ಇಳಿದ, ಆರು, ನಾನೆಂದೂ ಕಾಣದ ಏಳು.
ಅಲ್ಲಿ ಮೂಲೆಯಲ್ಲಿ ಡಿ.
ಓಡಲಿಲ್ಲ.
ಯಾಕೆಂದು ನಾನು ಕೇಳಲಿಲ್ಲ. ಕೆಳಗೆ ಮಾಲೀಕ ಕೂಗುತ್ತಿದ್ದ.

ಗೋರಿ ಎದ್ದಿತು. ಬೀರಾನ್ ಬಗ್ಗಿ ಗಾಜಿಗೆ ಬೆರಳಿಟ್ಟು ಓದಿದ:
ಬಾವಲಿ. ಕಣ್ಣು. ಕಣ್ಣು. ಹಾವು. ತುಕ್ಕು. ಕಳ್ಳಿ.
"ಇಷ್ಟು ಜನ ಸೇರಿ ನಾನಾ?"
ಚಹಾ ಲೆಕ್ಕದ ಚೀಟಿಯ ಹಿಂದೆ
ಒಬ್ಬೊಬ್ಬರನ್ನೇ ಇಳಿಸಿಕೊಂಡ,
ಹುಲ್ಲನ್ನೂ ಬಿಡದೆ.

ಮುಂದಿನ ವರ್ಷ ಸೆಂಟರು ಮುಚ್ಚಿತು, ಫ್ಲಾಪಿಗೆ ಬಿಳಿ ಬೂಷ್ಟು.

ಈಗ ನಾನು ಪೊನ್ನಂಪೇಟೆಯ ಬ್ಯಾಂಕಿನಲ್ಲಿ, ಎರಡನೇ ಕೌಂಟರು.
ಈಮೇಲ್ ವಿಳಾಸಗಳ ನಡುವೆ ಬಸವನಹುಳು ಕಂಡಾಗ
ಯಾವ ಕಡೆಯಿಂದ ಏನು ಬರುತ್ತದೋ ಎಂದು ಕ್ಷಣ ಕಾಯುತ್ತೇನೆ.
ಬೀರಾನ್‌ಗೆ ಎರಡು ಜೀಪು, ತಿತಿಮತಿಯಲ್ಲಿ ಟೈರು ಅಂಗಡಿ.
ನಿನ್ನೆ ಹೊಸ ಮ್ಯಾನೇಜರು ಅವನ ಚೆಕ್ಕು ತಡೆದರು:
ಸಹಿ ಹೊಂದುವುದಿಲ್ಲ, ಕೆಳಗೇನಿದು ಗೀರು?
ಮಾದರಿಯಲ್ಲಿ ಏಳು, ಇಲ್ಲಿ ಆರು.

ಕಿಂಡಿಯಿಂದ ಪೆನ್ನು ಚಾಚಿದೆ.
"ಹುಲ್ಲು ಒಂದು ಗರಿ ಕಡಿಮೆಯಂತೆ."

ಪೆನ್ನು ಹಿಡಿದವನು ಕಿಂಡಿಯ ಮೇಲೆ ನೋಡಿದ.
ಮೊನ್ನೆಯಷ್ಟೇ ಮೊಳೆ ಹೊಡೆಸಿದ ನನ್ನ ಹೆಸರಿನ ಫಲಕ,
ಇಂಗ್ಲಿಷಿನಲ್ಲಿ.
ಮೊದಲ ಅಕ್ಷರಕ್ಕೇ ನಿಂತ.
ಒಂದು ಹೆಜ್ಜೆ ಹಿಂದೆ ಸರಿದ. ಮತ್ತೆ ಬಂದು
ಗರಿ ಎಳೆದ.