ಬೆಳ್ಳಿ ಬಂದರೆ ಸರಿ

ಗಿರಿಜಾ ಶ್ರೀಯಾನ್, ನಲವತ್ತಾರು, ತೋಟ ಬೆಂಗ್ರೆ.
ಕೊರಳ ಎಡಗಡೆ ಗಂಟು. ಸೂಜಿ ಹಾಕಿ ತೆಗೆದದ್ದು
ಮೂರು ಹನಿ, ಅಷ್ಟೆ.
ಕೆಳಗೆ ಡಾಕ್ಟರ್ ಅಲ್ಮೇಡಾರ ಕಾಗೆಕಾಲು ಅಕ್ಷರ:
ಸಾದಾ ಸೂಕ್ಷ್ಮದರ್ಶಕದಲ್ಲಿ ತೀರ್ಮಾನ ಆಗುತ್ತಿಲ್ಲ, ನೀವು ನೋಡಿ.

ನೋಡುವುದೆಂದರೆ ಮೊದಲು ಕಾಯುವುದು.
ರಾಳದಲ್ಲಿ ಅದ್ದಿ, ಎರಡು ರಾತ್ರಿ ಬಿಸಿಯಲ್ಲಿಟ್ಟು ಗಟ್ಟಿ ಮಾಡಿ
ಗಾಜು ಮುರಿದು ಮಾಡಿದ ಚೂರಿಗೆ ಕೊಟ್ಟರೆ
ಕೂದಲನ್ನು ಸಾವಿರ ಸೀಳಿದಷ್ಟು ತೆಳು
ನೀರಿನ ಮೇಲೆ ತೇಲಿ ಬರುತ್ತದೆ.
ನೇರಳೆ ಕಂಡರೆ ದಪ್ಪ, ಬಿಸಾಡು.
ಬೂದಿ ಕಂಡರೆ ತೀರಾ ತೆಳು.
ಬೆಳ್ಳಿ ಬಂದರೆ ಸರಿ.
ಬೆಳಗ್ಗೆ ಧಕ್ಕೆಯಲ್ಲಿ ಬಂಗುಡೆಯ ಹೊಟ್ಟೆಗೆ ಇರುತ್ತದಲ್ಲ,
ಅದೇ ಬೆಳ್ಳಿ.

ಉಸಿರು ಹಿಡಿದು ಎತ್ತಿಕೊಳ್ಳುತ್ತೇನೆ ತಾಮ್ರದ ಬಲೆಗೆ.
ಹೌದು, ಬಲೆಯೇ. ಅಗಲ ಮೂರು ಮಿಲಿಮೀಟರ್.

ಕಂಬದೊಳಗಿನ ಗಾಳಿಯನ್ನು ಪಂಪು ಹೀರಿ ಮುಗಿಸಿದ ಮೇಲೆ
ಕೋಣೆ ಕತ್ತಲು, ತೆರೆ ಹಸಿರು.
ರಸ್ತೆಯಲ್ಲಿ ಎಕ್ಸ್‌ಪ್ರೆಸ್ ಬಸ್ಸು ಹಾದರೆ
ಇಲ್ಲಿ ಗಿರಿಜಾ ನಡುಗುತ್ತಾಳೆ.
ಬಸ್ಸು ಹೋಗಲಿ ಎಂದು ಸುಮ್ಮನೆ ಕೂರುತ್ತೇನೆ.

ಇವಳನ್ನು ನಾನು ಕಂಡಿರಲೂಬಹುದು
ಬಂದರಿನಲ್ಲಿ, ದೋಣಿಯಿಂದಿಳಿದು ಬುಟ್ಟಿ ಹೊತ್ತವರ ನಡುವೆ.
ಕೂಗಿ ಕೂಗಿ ಗಂಟಲು ಒಡೆಯಿತು ಎಂದುಕೊಂಡು
ವರ್ಷವಿಡೀ ಕರಿಮೆಣಸಿನ ಕಷಾಯ ಕುಡಿದಿರಬಹುದು.
ಕಡಲ ಮೀನು ತಿಂದವರಿಗೆ ಕೊರಳ ಗಂಟು ಬಾರದು
ಎನ್ನುತ್ತಿದ್ದಳು ನನ್ನ ಅಜ್ಜಿಯೂ.

ಎಂಟು ಸಾವಿರ ಪಟ್ಟು. ಕೋಶಕೇಂದ್ರದಲ್ಲಿ ಮಡಿಕೆ ಇಲ್ಲ.
ಮೂವತ್ತು ಸಾವಿರ.
ಅಂಚಿನಲ್ಲಿ ಕಪ್ಪು ಕಾಳು, ಸುತ್ತ ಬಿಳಿ ಉಂಗುರ.
ಒಂದು. ನಾಲ್ಕು. ಆಮೇಲೆ ಎಣಿಸಲಿಲ್ಲ,
ಒಗ್ಗರಣೆಗೆ ತೆಗೆದ ಸಾಸಿವೆ ಕೈತಪ್ಪಿ ಚೆಲ್ಲಿದ ಹಾಗೆ.
ಚೆಂದ ಉಂಟು, ಮಾರಾಯ್ರೆ.
ಹದಿನೆಂಟು ವರ್ಷವಾದರೂ ನನಗೆ ನಾಚಿಕೆ,
ಮೊದಲು ಚೆಂದವೇ ಕಾಣುತ್ತದೆ.

ಈ ಕಾಳಿನ ರೋಗಕ್ಕೆ ಹೆಸರು ಉಂಟು, ಒಂದು ಚಾಳಿಯೂ ಉಂಟು:
ಕೆಲವು ಮನೆಗಳಲ್ಲಿ ತಾಯಿಯ ಮೂಗಿನ ಜೊತೆ,
ಕಣ್ಣಿನ ಜೊತೆ
ಮಕ್ಕಳಿಗೆ ಇದೂ ಬಂದಿರುತ್ತದೆ.

ಐದು ಚಿತ್ರ ತೆಗೆದೆ. ಅಳತೆ ಬರೆದೆ.
ಮಕ್ಕಳಿದ್ದರೆ ಅವರನ್ನೂ ಕರೆಸಿ ಎಂದು ಬರೆಯುವುದು
ನನ್ನ ಕೆಲಸವಲ್ಲ, ಡಾಕ್ಟರರದು.
ಪೆನ್ಸಿಲಿನಲ್ಲಿ ಬರೆದೆ.
ರಬ್ಬರು ಹತ್ತಿರವೇ ಇತ್ತು.

ಸಂಜೆ ಬಸ್‌ಸ್ಟಾಪಿನ ಬದಿ ಯಾವುದೋ ಹೆಂಗಸು
ಬುಟ್ಟಿಯ ಮೇಲಿನ ಗೋಣಿ ಸರಿಸಿದಳು.
ಬಂಗುಡೆ ಎಷ್ಟು ಎಂದೆ.
ನೂರಕ್ಕೆ ಆರು ಎಂದಳು.
ಕೇಳಿಸಲಿಲ್ಲ ಎಂದು ಸುಳ್ಳು ಹೇಳಿ
ಇನ್ನೊಮ್ಮೆ ಹೇಳಿಸಿದೆ.