ಹದಿನೇಳನೇ ಸಾಲು

ವಿದ್ಯಾನಗರದ ಲ್ಯಾಬಿನಾಗ ಇಪ್ಪತ್ನಾಕು ಮಂದಿ.
ಚೀಟಿ ಎತ್ತಿ ಎರಡು ಪಾಲು ಮಾಡಿದ್ದೆ,
ನನ್ನ ಕೈವಾಡ ಇರಬಾರದಂತ.

ಎಲ್ಲರಿಗೂ ಒಂದ ಕೆಲಸ: ಚಿಗರಿ ಬಸ್ಸಿನ ಟಿಕೆಟ್ ಪ್ರೋಗ್ರಾಮಿಗೆ
ವಯಸ್ಸಾದವರ ರಿಯಾಯ್ತಿ ಕೂಡಸ್ರಿ.
ಕಿಡಕಿ ಕಡಿಯವರಿಗೆ ವಂಶದ ದಾರಿ:
ಅಜ್ಜ-ಟಿಕೆಟ್ಟಿನ ಗುಣ ಮೊಮ್ಮಗನ ತನಕ ತಾನ ಇಳೀಬೇಕು.
ಬಾಗಿಲ ಕಡಿಯವರಿಗೆ ಬೀಗತನ:
ಬಿಡಿ ಬಿಡಿ ತುಂಡು, ಬೇಕಾದ್ರ ಸಂಬಂಧ, ಬ್ಯಾಡಾದ್ರ ಬಿಡುಗಡಿ.

ಬೀಗತನಾನ ಚೊಲೊ ಅಂತ ಆರು ವರ್ಷ ಪಾಠ ಹೇಳೀನಿ,
ಖಡೂ ಪುಡಿ ನುಂಗೀನಿ.
ಎಂದೂ ಅಳದಿದ್ದಿಲ್ಲ.

ಹನ್ನೊಂದೂವರಿಗೆ ಕರೆಂಟ್ ಹೋತು.
ಆ ಏಳು ನಿಮಿಷ ಕಳೀಬೇಕೋ ಬ್ಯಾಡೋ, ಯಾರನ್ನ ಕೇಳ್ಲಿ?

ಸಂಜಿಗೆ ಲೆಕ್ಕ:
ವಂಶಕ್ಕ ನಲವತ್ತೊಂದು ನಿಮಿಷ, ಬೀಗತನಕ್ಕ ಮೂವತ್ತೊಂಬತ್ತು.
ಎರಡು ನಿಮಿಷದಾಗ ಉಣಕಲ್ ಸಿಗ್ನಲ್ಲೂ ದಾಟೂದಿಲ್ಲ.

ಹದಿನೇಳನೇ ಸಾಲು, ಮೆಹರುನ್ ನದಾಫ, ಬೀಗತನ, ತೊಂಬತ್ತು ನಿಮಿಷ.
ಹೊರಕೇರಿ ಸರ್ ಚಹಾದ ಕಪ್ ಇಳಿಸಿ ಅಂದ್ರು:
"ಇದೊಂದು ತಗದು ನೋಡ್ರಿ."
ತಗದೆ. ಮೂವತ್ನಾಕು.
ಗೆದ್ದೆ ನಾನು. ಪೇಪರ್ ಆತು.

ಆಕಿ ಟಿಪ್ಪಣಿ ಓದಿದ್ದು ಆಮ್ಯಾಲೆ.
"ಮೇಡಂ, ನಿಮ್ಮ ಮೂಲ ಪ್ರೋಗ್ರಾಮಿನಾಗನ ತಪ್ಪೈತಿ.
ಧಾರವಾಡಕ್ಕ ಹೋಗೋ ರೇಟ್ ಒಂದು, ತಿರುಗಿ ಬರೋ ರೇಟ್ ಒಂದು.
ಮೊದಲು ಅದನ್ನ ಹುಡುಕಿ ತಿದ್ದೀನಿ. ತಡಾ ಆತು, ಸಿಟ್ಟಾಗಬ್ಯಾಡ್ರಿ."

ಪ್ರೋಗ್ರಾಮ್ ಬರದಾಕಿ ನಾನ.
ಮೂರು ಸರ್ತಿ ತಪಾಸಿಸಿದಾಕೀನೂ ನಾನ.

ಹದಿನೇಳನೇ ಸಾಲು ಮತ್ತ ಒಳಗ ಹಾಕಿದೆ.
ಮೂವತ್ತೊಂಬತ್ತು.

ಲ್ಯಾಬಿಗೆ ಕೀಲಿ ಹಾಕೂಮುಂದ ನೆನಪಾತು:
ಉಳಿದ ಇಪ್ಪತ್ಮೂರು ಮಂದಿ, ವಂಶದವರೂ ಬೀಗರೂ,
ನನ್ನ ತಪ್ಪಿನ ಮ್ಯಾಲೆ
ಹೇಳಿದ ಟೈಮಿನಾಗ
ಎಷ್ಟು ಚಂದ ಮನಿ ಕಟ್ಟಿ ಹೋಗ್ಯಾರ.