ಪಾರಕ್ಕನ ಸಂಕ

ಪೆರುಂಬಾಡಿ ದಾಟಿ ಮಾಕುಟ್ಟಕ್ಕಿಳಿಯುವ ಒಂದು ತಿರುವಿನಲ್ಲಿ
ಬಸ್ಸು ನಿಧಾನಿಸುತ್ತದೆ, ಡ್ರೈವರು ನಾಣ್ಯ ಎಸೆಯುತ್ತಾನೆ.
ಸಂಕದ ಕೈಕಟ್ಟೆಯ ಸಂದಿನಲ್ಲಿ ಹಸಿರು ಬಳೆಗಳು.
ಪಾರಕ್ಕ ಯಾರು ಎಂದರೆ
ಹೊಳೆಗೆ ಹಾರಿದ ಸೊಸೆ ಎನ್ನುತ್ತಾರೆ ವಿರಾಜಪೇಟೆಯವರು.
ಅಲ್ಲ, ಹೊಳೆ ದಾಟಿ ಬರುತ್ತಿದ್ದ ಸೂಲಗಿತ್ತಿ,
ಎಂದು ನಮ್ಮ ರೋಡ್ ಗ್ಯಾಂಗಿನ ಕಮಲಾಕ್ಷಿ.

ನನಗೆ ಗೊತ್ತು. ಹೇಳಿಲ್ಲ.

ಕಚೇರಿಯ ಅಟ್ಟದಲ್ಲಿ ಗೆದ್ದಲು ಅರ್ಧ ಓದಿದ್ದ
ಅಳತೆ ಪುಸ್ತಕದ ಮೊದಲ ಹಾಳೆ:
ಡಂಕನ್ ಫಾರ್ಕರ್, ಸಿವಿಲ್ ಎಂಜಿನಿಯರ್.
ಫಾರ್ಕರ್, ಪಾರ್ಕ, ಪಾರಕ್ಕ.
ಐದಾರು ತಲೆಮಾರಿನ ನಾಲಗೆ ಸೇರಿ
ದೊರೆಯ ಮೀಸೆ ಬೋಳಿಸಿ ಸೀರೆ ಉಡಿಸಿತು.

ಸ್ಕಾಟ್ಲೆಂಡಿನ ಕಲ್ಲುಕುಟಿಗನ ಮಗ. ಹದಿನಾರಕ್ಕೇ
ಕಡಲ ನಡುವಿನ ಬಂಡೆಯ ಮೇಲೆ ದೀಪಸ್ತಂಭಕ್ಕೆ ಗಾರೆ ಹೊತ್ತವ.
ಆಮೇಲೆ ಬಂದರು, ರೈಲು, ದಿವಾಳಿಯೆದ್ದ ಒಂದು ಕಂಪನಿ,
ಮದರಾಸಿನ ಹಡಗು.
ಕೊಡಗಿಗೆ ಬಂದಾಗ ಮೂವತ್ತೆಂಟು;
ವೈದ್ಯರ ಚೀಟಿಯ ಪ್ರಕಾರ ಹಲ್ಲು ಇಪ್ಪತ್ತೊಂದು.

ಮೊದಲ ಸೇತುವೆಗೆ ತನ್ನೂರಿನ ಮಳೆ ಹಿಡಿದು ಲೆಕ್ಕ ಹಾಕಿದ.
ಕಕ್ಕಡ ಹದಿನೆಂಟರ ರಾತ್ರಿ ಹೊಳೆ ಆ ಲೆಕ್ಕ ತಿದ್ದಿತು.
ಮರುದಿನದ ಪುಟದಲ್ಲಿ ಎರಡೇ ಪದ: ಕಮಾನು ಇಲ್ಲ.

ಎರಡನೆಯದಕ್ಕೆ 'ಸ್ಥಳೀಯ ಮಾಹಿತಿ' ಪಡೆದೆ ಎಂದು ಬರೆದಿದ್ದಾನೆ.
ಯಾರದ್ದು, ಬರೆದಿಲ್ಲ.
ಹಾಜರಿ ಪಟ್ಟಿಯಲ್ಲಿ ಒಬ್ಬನಿದ್ದಾನೆ: ಬೊಳ್ಕ, ಎರವ,
ಸರಪಳಿ ಹಿಡಿಯಲು, ದಿನಕ್ಕೆ ಎರಡಾಣೆ.
ಅವನೇ ಇರಬೇಕು, ದೊರೆಯ ಟೋಪಿಗಿಂತ ಎಷ್ಟೋ ಮೇಲೆ
ನೇರಳೆಯ ಕವಲಿಗೆ ಸಿಕ್ಕಿ ಒಣಗಿದ್ದ
ಬಿದಿರ ಕಸದತ್ತ ಕೈ ತೋರಿಸಿದವನು.

ಕಮಾನು ಒಂಬತ್ತಡಿ ಏರಿತು.
ಮದರಾಸು ಕೇಳಿತು: ಬೇಸಿಗೆಯಲ್ಲಿ ಮೊಣಕಾಲುದ್ದದ ನೀರಿಗೆ
ಇಷ್ಟು ಎತ್ತರ ಯಾಕೆ?
ಉತ್ತರಕ್ಕೆ ಅವನು
ಲಕೋಟೆಯಲ್ಲೊಂದು ಒಣ ಬಿದಿರೆಲೆ ಇಟ್ಟು ಕಳಿಸಿದ.
ಮುನ್ನೂರ ಹನ್ನೆರಡು ರೂಪಾಯಿ ನಾಲ್ಕಾಣೆ
ಸಂಬಳದಲ್ಲಿ ಮುರಿದುಕೊಂಡರು.

ಅಲ್ಲಿಗೆ ನೌಕರಿಯ ಏರು ಮುಗಿಯಿತು.
ಬಳ್ಳಾರಿ ಕಡೆ ಕೆರೆ ದುರಸ್ತಿ, ಜ್ವರ,
ರಜೆ, ರಜೆಯ ವಿಸ್ತರಣೆ.
ಮುಂದಿನ ಹಾಳೆಗಳು ಗೆದ್ದಲಿನವು.

ಈಗ ಮೇಲಿನಿಂದ ನಮೂನೆ ಬಂದಿದೆ, ಹಳೆ ಸೇತುವೆಗಳ ಪಟ್ಟಿ.
'ಕಟ್ಟಿದವರು' ಎಂಬಲ್ಲಿಗೆ ಬಂದು ಪೆನ್ನು ನಿಂತಿದೆ.

ನಿನ್ನೆ ಅಳೆಯಲು ಹೋದಾಗ ಕಮಲಾಕ್ಷಿ
ತನ್ನ ಕೈಯ ಬಳೆಯೊಂದನ್ನು ಕಳಚಿ ಸಂದಿಗೆ ಸಿಕ್ಕಿಸಿದಳು.
ಮಗಳಿಗೆ ಏಳು ತಿಂಗಳು.
ನಾನು ಟೇಪು ಇಳಿಬಿಟ್ಟೆ.
ಹೋದ ವರ್ಷದ ನೆರೆಯ ಕಲೆಯಿಂದ ಬಳೆಗೆ
ಮೂರು ಗೇಣು.
ಬರ್ಕೊಳ್ಳಿ ಸಾರ್, ಅಂದಳು.